ದಾರ ಕಟ್ಟಿದ ಎಲೆ

"ನಿಲ್ಲಿಸಿ ಮೇಷ್ಟ್ರೇ!"

ಅವಳು ಓಡಿಬಂದು ಅವರ ಮಣಿಕಟ್ಟು ಹಿಡಿದೇಬಿಟ್ಟಳು. ಇನ್ನೊಂದು ಕ್ಷಣ ತಡವಾಗಿದ್ದರೆ ಲೋಟದ ನೀರು ಆಸಿಡ್ಡಿನೊಳಕ್ಕೆ ಬೀಳುತ್ತಿತ್ತು!

"ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರಲ್ಲ. ಕುದ್ದು ಮುಖಕ್ಕೆ ಹಾರುತ್ತೆ. ಆಮೇಲೆ ನಿಮಗೆ ಹೆಣ್ಣು ಕೊಡೋರ್ಯಾರು?"

ಮಕ್ಕಳು ಗೊಳ್ಳೆಂದರು. ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರ ಕಿವಿ ಕೆಂಪಾಯಿತು. ಅವರಿಗೆ ಗೊತ್ತಿಲ್ಲದ ಪಾಠವೇನಲ್ಲ... ಕಣ್ಣು ಬೇರೆಲ್ಲೋ ಇತ್ತು. ಎಲ್ಲಿತ್ತೆಂದು ಅವಳಿಗೂ ಗೊತ್ತು. ಹಿಡಿದ ಕೈ ಬಿಡಲು ಅವಳೂ ಮರೆತಿದ್ದಳು.

ಅವಳು ಆ ಶಾಲೆಯ ಪ್ರಯೋಗಾಲಯದ ಸಹಾಯಕಿ, ಮಕ್ಕಳ ಬಾಯಲ್ಲಿ ಲ್ಯಾಬ್ ಅಕ್ಕ. ಸೀಸೆ ತೊಳೆಯುವುದು, ಚೀಟಿ ಅಂಟಿಸುವುದು, ನಡೆದ ಪ್ರಯೋಗವನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ.

ಮೇಷ್ಟ್ರೋ, ಮಾತಿನಲ್ಲಿ ಕಡುಜಿಪುಣರು. "ಹೇಳಿದ್ದು ಮರೆತುಹೋಗುತ್ತೆ, ಕಂಡಿದ್ದು ಉಳಿಯುತ್ತೆ" ಎನ್ನುವರು. ಆಯಸ್ಕಾಂತದ ಪಾಠವೆಂದರೆ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಬೆರಳಲ್ಲಿ ತಟ್ಟಿ, ಸುಮ್ಮನೆ ನಿಲ್ಲುವರು. ಪುಡಿ ತಾನೇ ಸಾಲುಗಟ್ಟುವುದು.

ಎರಡು ವರ್ಷದಲ್ಲಿ ಅವಳ ಮನಸ್ಸೂ ಹಾಗೇ ಸಾಲುಗಟ್ಟಿತು, ಒಂದೇ ದಿಕ್ಕಿಗೆ.

ವರ್ಗಾವಣೆಯ ಆದೇಶ ಬಂದಾಗ ಅವಳೇ ಬಾಯಿಬಿಟ್ಟಳು.

"ನಾಚಿಕೆ ಬಿಟ್ಟು ಕೇಳ್ತಿದ್ದೀನಿ ಮೇಷ್ಟ್ರೇ. ನನ್ನ ಮದುವೆ ಆಗ್ತೀರಾ? ಹೋಗೋದ್ರೊಳಗೆ ಒಂದು ಮಾತು ಹೇಳಿಬಿಡಿ."

ಕೊನೆಯ ದಿನ ಬೆಳಗಿನಿಂದ ಒಂದು ಮಾತೂ ಇಲ್ಲ. ಸಂಜೆಯ ಗಂಟೆ ಹೊಡೆದಾಗ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರು.

"ಕಿಟಕಿ ಹತ್ತಿರದ ದಾಸವಾಳದಲ್ಲಿ ಒಂದು ಎಲೆಗೆ ದಾರ ಕಟ್ಟಿದ್ದೀನಿ. ಅಯೋಡಿನ್ ಪರೀಕ್ಷೆ ಮಾಡಿ. ಇವತ್ತೇ ನೋಡಿ."

ಅಷ್ಟೇ! ಹೊರಟೇಬಿಟ್ಟರು.

'ನಾನು ಬದುಕು ಕೇಳಿದೆ, ಇವರು ಕೆಲಸ ಹೇಳಿ ಹೋದರು...'

ಕಣ್ಣು ಮಂಜಾಗಿತ್ತು. ಕೈ ಮಾತ್ರ ರೂಢಿ ಬಿಡಲಿಲ್ಲ. ಬಿಸಿಲಲ್ಲಿಟ್ಟ ಕುಂಡವನ್ನು ಸಂಜೆಗೆ ಕತ್ತಲೆಯ ಬೀರುವಿನಲ್ಲಿಡಬೇಕು, ಎರಡು ದಿನದಲ್ಲಿ ಎಲೆಯೊಳಗಿನ ಪಿಷ್ಟ ಖಾಲಿಯಾಗಿ ಗಿಡ ಮುಂದಿನ ತರಗತಿಗೆ ಸಿದ್ಧವಾಗುತ್ತದೆ. ಇಟ್ಟಳು. ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಹೇಳಿದ ಕೆಲಸವಲ್ಲವೇ? ಮೂರನೆಯ ದಿನ ಮಾಡಿದಳು. ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಯಾಗಬೇಕು; ಎಲೆಯಲ್ಲಿ ಎಲ್ಲೂ ನೀಲಿಯಿಲ್ಲ. ಪುಸ್ತಕದಲ್ಲಿ ಬರೆದಳು: 'ದಾರ ಕಟ್ಟಿದ ಎಲೆ. ಎರಡು ದಿನ ಕತ್ತಲಲ್ಲಿಟ್ಟು ಪರೀಕ್ಷಿಸಿದೆ. ಪಿಷ್ಟ ಇಲ್ಲ.'

ಒಂಬತ್ತು ವರ್ಷ ಕಳೆಯಿತು. ಬಂದ ಸಂಬಂಧಗಳಿಗೆಲ್ಲ ಬೇಡವೆಂದಳು. "ಯಾವ ರಾಜಕುಮಾರನ ದಾರಿ ಕಾಯ್ತಿದ್ದೀಯಮ್ಮಾ?" ಎಂದು ಅತ್ತಿಗೆ ಚುಚ್ಚಿದಳು. ಅಮ್ಮ ಏನೂ ಕೇಳದೆ, ಕೇಳಬೇಕೆಂದಿದ್ದನ್ನು ಕಣ್ಣಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ಈ ಬಾರಿಯ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರನ್ನು ನೋಡಿ ಅವಳು ತೊಳೆದಿದ್ದ ಸೀಸೆಯನ್ನೇ ಮತ್ತೆ ತೊಳೆಯತೊಡಗಿದಳು. ಅವರೇ! ಕಿವಿಯ ಪಕ್ಕ ನರೆ.

"ಚೆನ್ನಾಗಿದ್ದೀರಾ?"

"ಇದ್ದೀನಿ ಸಾರ್."

ಮೇಷ್ಟ್ರೇ ಎನ್ನಲು ಮನಸ್ಸು ಒಪ್ಪಲಿಲ್ಲ.

ಪ್ರಯೋಗಾಲಯದ ಪುಸ್ತಕಗಳನ್ನು ನೋಡುವುದೂ ಪರೀಕ್ಷಕರ ಕೆಲಸ. ಹೊಸದು ಮುಗಿಸಿ, ಹಳೆಯದೊಂದನ್ನು ತಾವೇ ಹುಡುಕಿ ತೆಗೆದರು. ಒಂದು ಪುಟದಲ್ಲಿ ಬೆರಳು ನಿಂತಿತು. ಮುಖ ಬಿಳಿಚಿಕೊಂಡಿತು. ಎದ್ದು ಬೀರು ತೆರೆದು, ದಾಸವಾಳದ ಕುಂಡವನ್ನು ತಾವೇ ಬಿಸಿಲಿಗಿಟ್ಟರು. ಕಪ್ಪು ಕಾಗದ, ಬ್ಲೇಡು ಕೇಳಿ ಪಡೆದು, ಒಂದು ಎಲೆಗೆ ಕಾಗದ ಹೊದಿಸಿದರು. ಮಕ್ಕಳ ಪರೀಕ್ಷೆಗೇ ಇರಬೇಕೆಂದುಕೊಂಡಳು.

ಮೂರು ಗಂಟೆಗೆ ಮಕ್ಕಳೆಲ್ಲ ಹೋದರು. ಅವರು ಎಲೆಯ ಮೇಲಿನ ಕಾಗದ ತೆಗೆದು ಜೇಬಿಗಿಳಿಸಿ, ತೊಟ್ಟಿಗೆ ದಾರ ಕಟ್ಟಿದರು.

"ಇವತ್ತೇ ನೋಡಿ."

ಅವಳೆದೆ ಭಗ್ಗೆಂದಿತು. "ನನಗೆ ಕೆಲಸ ಹೇಳೋದು ಇನ್ನೂ ಮುಗೀಲಿಲ್ವಾ ನಿಮಗೆ?"

ಆದರೂ ಎಲೆ ಕಿತ್ತಳು. ಬಿಸಿನೀರಲ್ಲಿ ಅದ್ದಿದಳು. ಸ್ಪಿರಿಟ್ಟಿನಲ್ಲಿ ಹಸಿರೆಲ್ಲ ಇಳಿದುಹೋಗಿ ಎಲೆ ಬೆಳ್ಳಗಾಯಿತು. 'ನನ್ನ ಹಾಗೆ' ಎಂದುಕೊಂಡಳು. ಅಯೋಡಿನ್ ಬಿಟ್ಟಳು.

ಎಲ್ಲ ಕಡೆ ಹಳದಿಗಂದು... ನಡುವೆ ಒಂದು ನೀಲಿಗಪ್ಪು ಗೆರೆ ಎದ್ದಿತು. ಬಾಗಿತು. ಸುತ್ತಿಕೊಂಡಿತು.

'ಬಾ'.

"ಅವತ್ತೂ ಇದನ್ನೇ ಕಾಗದದಲ್ಲಿ ಕೊರೆದು ಎಲೆಗೆ ಹಾಕಿದ್ದೆ" ಎಂದರು ಮೇಷ್ಟ್ರು. "ಬೆಳಕು ಬಿದ್ದಲ್ಲಿ ಮಾತ್ರ ಪಿಷ್ಟ ಆಗುತ್ತಲ್ಲ... ಕೊನೇ ಬಸ್ಸಿನವರೆಗೂ ನಿಲ್ದಾಣದಲ್ಲಿ ಕೂತಿದ್ದೆ. ಮನಸ್ಸು ಬದಲಾಯಿಸಿದಿರಿ ಅಂದುಕೊಂಡೆ. ಇವತ್ತು ನಿಮ್ಮ ಅಕ್ಷರ ನೋಡಿದ ಮೇಲೆ ಗೊತ್ತಾಯ್ತು. ಕತ್ತಲಲ್ಲಿ ಗಿಡವೇ ಅದನ್ನ ತಿಂದುಬಿಟ್ಟಿತ್ತು."

ಅವಳು ಎಲೆಯನ್ನು ಅಂಗೈ ಮೇಲೆ ತೆಗೆದುಕೊಂಡಳು.

"ಒಂದಕ್ಷರ... ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ? ಆಗ ಅಮ್ಮ ಇದ್ದಳು..."

ಅವರ ಕಣ್ಣು ತುಂಬಿ ಬಂತು.

"ಮನೇಲಿ... ಯಾರಿದ್ದಾರೆ?" ಎಂದಳು.

"ಯಾರೂ ಇಲ್ಲ. ಆವತ್ತಿನಿಂದ ಯಾರೂ ಇಲ್ಲ." ಅವರು ಒಂದು ಹೆಜ್ಜೆ ಮುಂದೆ ಬಂದರು. "ತಪ್ಪು ನನ್ನದು. ಇವತ್ತು ಬಾಯಲ್ಲೇ ಹೇಳ್ತೀನಿ. ಬಾ."

ಅವಳು ಸೆರಗಲ್ಲಿ ಮುಖ ಒರೆಸಿಕೊಂಡಳು. ರೂಢಿಯಂತೆ ಕುಂಡವನ್ನೆತ್ತಿ ಬೀರುವಿನವರೆಗೆ ಹೋದಳು. ಬಾಗಿಲ ಹಿಡಿಯ ಮೇಲೆ ಕೈ ನಿಂತಿತು. ತಿರುಗಿ ಬಂದು ಅದನ್ನು ಕಿಟಕಿಯಲ್ಲೇ ಇಟ್ಟಳು.

"ಬಸ್ಸು ಎಷ್ಟು ಹೊತ್ತಿಗೆ ಮೇಷ್ಟ್ರೇ?"

"ಐದಕ್ಕೊಂದಿದೆ. ಬೇಕಾದರೆ ನಾಳೆ..."

"ನಾಳೆ ಬೇಡ" ಎಂದಳು. "ಒಂದು ಸಲ ನಾಳೆಗಿಟ್ಟು ನೋಡಿದ್ದೀನಿ."