ನಲವತ್ತೆಂಟನೆಯ ಬೆಳಕು

“ಕೊನೆಯ ಫೋಟೊ ಒಂದು ಬಿಟ್ಟುಬಿಡು ಮಾರಾಯ,” ಎಂದ ಸ್ಟೋರ್‌ಕೀಪರ್ ಆಲ್ಫೋನ್ಸ್. “ಮೊದಲಿನವ ನಲವತ್ತೇಳಕ್ಕೇ ಕ್ಯಾಮೆರಾ ಬಿಟ್ಟು ಓಡಿದ್ದು. ಆಮೇಲೆ ಹಾಜರಿ ಮೆಷಿನ್ನಲ್ಲಿ ಅವನ ಬೆರಳು ಪಂಚ್ ಆಗ್ತಿರ್ಲಿಲ್ಲ.”

“ಕೋಳಿ ತಿಂದು ಕೈ ತೊಳೆದಿರ್ಲಿಕ್ಕಿಲ್ಲ!” ಝುಬೈರ್ ರೇಗಿದ. “ಇವತ್ತು ಮುಗಿಸದಿದ್ರೆ ನನಗೆ ರಜೆ ಮಾಫಿ, ಇಲ್ಲವೇ ಇಲ್ಲ. ನಾಡಿದ್ದು ಮಗಳ ನಿಕಾಹ್. ಬಾಪನ ಜಾಗದಲ್ಲಿ ನಿನ್ನನ್ನು ಕೂರಿಸ್ಲಾ?”

ಮುಸಫ್ಫಾದ ಆ ಗೋದಾಮಿಗೆ ಬಂದು ಅವನಿಗೆ ಮೂರೇ ದಿನ. ಗಲ್ಫಿಗೆ ಬಂದು ಇಪ್ಪತ್ತಮೂರು ವರ್ಷ. ಸೊಂಟ ಸೋತಿತ್ತು, ಕಣ್ಣು ಸೋತಿತ್ತು, ಸಿಟ್ಟೊಂದು ಸೋತಿರಲಿಲ್ಲ. ಎದುರಿಗಿತ್ತು ಈಜಿಪ್ಟಿನ ಹಳೆಯ ಕಲ್ಲುಚಪ್ಪಡಿ. ಅದರಲ್ಲಿ ಕೆತ್ತಿದ್ದ ಮಾಟಗಾರನ ಮುಖವನ್ನು ಆ ಕಾಲದವರೇ ಉಳಿಯಿಂದ ಹೆರೆದು ಹಾಕಿದ್ದರು. ಕೆಳಗಿನ ಸಾಲನ್ನು ಮ್ಯೂಸಿಯಮ್ಮಿನ ಸುಸನ್ ಮೇಡಂ ಓದಿ ಹೇಳಿದ್ದರು: ಇವನಿಗೆ ಮುಖ ಕೊಡುವವನು ತನ್ನದನ್ನೇ ಕೊಡುತ್ತಾನೆ.

ಕೆಲಸವೇನೋ ಸುಲಭದ್ದು. ಕ್ಯಾಮೆರಾ ಅಲ್ಲಾಡಬಾರದು. ದೀಪವನ್ನು ಮಾತ್ರ ನಲವತ್ತೆಂಟು ಕಡೆಯಿಂದ ಹಿಡಿದು ಒಂದೊಂದು ಫೋಟೊ ತೆಗೆಯಬೇಕು. ಎಲ್ಲವನ್ನೂ ಕಂಪ್ಯೂಟರ್ ಕೂಡಿಸಿದರೆ ಕಣ್ಣಿಗೆ ಕಾಣದ ಗೀರೂ ಎದ್ದು ಬರುತ್ತದೆ.

ಹೊರಗೆ ನಡುಮಧ್ಯಾಹ್ನದ ಬಿಸಿಲು. ಕರಿಪರದೆಯ ಒಳಗೆ ಕಗ್ಗತ್ತಲು. ಪಕ್ಕದ ವರ್ಕ್‌ಶಾಪಿನ ಗ್ರೈಂಡರ್ ಕಿರುಚುತ್ತಿತ್ತು. ಇಪ್ಪತ್ತನೆಯ ಫೋಟೊಕ್ಕೆ ಆ ಸದ್ದು ನಿಂತಿತು. ಮೂವತ್ತಕ್ಕೆ ಸುಟ್ಟ ತೊಗಲಿನ ವಾಸನೆ ಬಂತು. ನಲವತ್ತೇಳಕ್ಕೆ ದೀಪ ಕೈಯಿಂದ ಜಾರಿತು.

ಬೆಳಕಿಗೆ ಬೆರಳು ಹಿಡಿದು ನೋಡಿದ. ಗೆರೆಗಳಿರಲಿಲ್ಲ. ಒಂದೂ ಇರಲಿಲ್ಲ. ತೇದ ಸಾಬೂನಿನ ಹಾಗೆ ನುಣ್ಣಗಿತ್ತು.

ಬಿಟ್ಟು ಹೋಗಲೇ? ಬಿಟ್ಟರೆ ರಜೆಯಿಲ್ಲ. ಮಗಳು ಕೂಸಾಗಿದ್ದಾಗ ಎತ್ತಿದ್ದು, ಆಮೇಲೆ ಎರಡು ವರ್ಷಕ್ಕೊಮ್ಮೆ ನೆಂಟನ ಹಾಗೆ ನೋಡಿದ್ದು. “ಹಾಳಾಗಿ ಹೋಗಲಿ,” ಎಂದು ಹಲ್ಲು ಕಚ್ಚಿ ದೀಪವನ್ನು ಕಲ್ಲಿನ ಅಂಚಿಗೆ ಮಲಗಿಸಿದ.

ಕ್ಲಿಕ್.

ಕಂಪ್ಯೂಟರಿನ ಪರದೆಯ ಮೇಲೆ ಮುಖ ಎದ್ದಿತು. ಹಣೆ. ಮೂಗು. ಎಡ ಹುಬ್ಬಿನಲ್ಲೊಂದು ಗಾಯ. ಚಿಕ್ಕಂದಿನಲ್ಲಿ ಮದ್ರಸದ ಮೆಟ್ಟಿಲಲ್ಲಿ ಬಿದ್ದು ಆದ ಗಾಯ. ಅವನದೇ ಗಾಯ.

ಅಳಿಸಿದ. ಹೋಗಲಿಲ್ಲ. ಮತ್ತೆ ಅಳಿಸಿದ. ಮುಖ ರೆಪ್ಪೆ ಮಿಟುಕಿಸಿತು.

ಫೋನು ಬಡಿದುಕೊಂಡಿತು. ವಿಡಿಯೊದಲ್ಲಿ ಮಗಳು ಫರ್ಝಾನ.

“ಬಾಪ? ಉಮ್ಮಾ, ಇಲ್ಲಿ ನೋಡಿ, ಯಾರೋ ಫೋನ್ ಎತ್ತಿದ್ದಾರೆ. ಮುಖವೇ ಇಲ್ಲ!”

ನಾನೇ ಮಗಳೇ, ಎನ್ನಹೋದ. ಬಾಯಿ ತೆರೆಯಲಿಲ್ಲ. ಬಾಯೇ ಇರಲಿಲ್ಲ. ಕೈಯಿಂದ ತಡಕಿದ. ಮೂಗಿನ ಜಾಗ ಸಪಾಟು. ಕಣ್ಣಿನ ಜಾಗ ಸಪಾಟು. ಕತ್ತಲು. ಪೂರಾ ಕತ್ತಲು. ಕಿವಿಯೊಂದೇ ಉಳಿಯಿತು.

ಯಾರೋ ಅವನ ಕೈಯಿಂದ ಫೋನು ಬಿಡಿಸಿಕೊಂಡರು.

“ನಾನೇ ಮಗಳೇ,” ಎಂದಿತು ಅವನದೇ ಧ್ವನಿ, ಅವನದೇ ಸಿಡುಕು. “ಇಲ್ಲಿ ಕತ್ತಲೆ, ಕಾಣುದಿಲ್ಲ ಅಷ್ಟೆ. ಹೊರಟೆ. ನಿಕಾಹ್‌ಗೆ ನಾನಿಲ್ಲದೆ ಆಗ್ತದಾ?”

ಕರಿಪರದೆ ಸರಿದ ಸದ್ದಾಯಿತು.

“ಮುಗೀತಾ ಝುಬೈರ್?” ಹೊರಗೆ ಆಲ್ಫೋನ್ಸ್ ಕೇಳಿದ.

“ಖಲಾಸ್.”

ಹೆಜ್ಜೆಗಳು ದೂರವಾದವು. ಬಾಗಿಲ ಬಳಿ ಪಂಚ್ ಮೆಷಿನ್ ಬೆರಳನ್ನು ಒಪ್ಪಿಕೊಂಡು ಕೀಂ ಎಂದಿತು.