ಡಾಕ್ಟರರ ಪಾಟೀಸವಾಲು

ಸರ್ಕಾರಿ ವಕೀಲೆಯಾಗಿದ್ದ ಅವಳು ಶವಾಗಾರದ ಕಚೇರಿಗೆ ಮೊದಲ ಸಲ ಹೋದದ್ದು ಜಗಳ ಮಾಡಲಿಕ್ಕೆ. ಮರಣೋತ್ತರ ವರದಿಯೊಂದರಲ್ಲಿ ಡಾಕ್ಟರು ‘ವಿಷ ಇರಬಹುದು’ ಎಂದು ಬರೆದು ಅವಳ ಕೇಸನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದ್ದರು.

“ಇರಬಹುದು ಅಂದ್ರೆ ಏನ್ರೀ ಡಾಕ್ಟ್ರೇ? ಇದೆಯೋ, ಇಲ್ವೋ?”

ಮೊಣಕೈವರೆಗೂ ಸೋಪು ಹಚ್ಚಿಕೊಂಡು ಕೈ ತೊಳೆಯುತ್ತಿದ್ದವನು ತಿರುಗಿಯೂ ನೋಡಲಿಲ್ಲ. “ನಿಮ್ಗೆ ಮದುವೆ ಆಗಿದ್ಯಾ?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಆಗಿಲ್ಲ ಅಂದ್ರೆ, ಮುಂದೆ ಆಗ್ತೀರಾ ಅಂತ ಯಾರಾದ್ರೂ ಕೇಳಿದ್ರೆ ಏನಂತೀರಾ? ಆಗಬಹುದು ಅಂತೀರಾ. ಅದು ಸುಳ್ಳಲ್ವಲ್ಲ.”

ನಗು ತಡೆಯಲು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಅವನು ಕಾಣುತ್ತಿದ್ದ. ಒದ್ದೆ ಕೈ ಹಾಗೇ ಚಾಚಿಕೊಂಡು, ಒರೆಸಿಕೊಳ್ಳುವುದನ್ನೂ ಮರೆತು, ಅವಳ ಬೆನ್ನನ್ನೇ ನೋಡುತ್ತಿದ್ದ.

ಆಮೇಲೆ ಅವಳಿಗೆ ವರದಿಗಳಲ್ಲಿ ಮೇಲಿಂದ ಮೇಲೆ ಅನುಮಾನ ಬರತೊಡಗಿತು. ಫೋನಿನಲ್ಲಿ ಬಗೆಹರಿಯುವ ಅನುಮಾನಕ್ಕೂ ಆಟೋ ಹಿಡಿದು ಹೋಗುತ್ತಿದ್ದಳು. “ಬಂದ್ರಾ ಲಾಯರಮ್ಮ? ಇವತ್ತು ಯಾವ ಪದ ತಪ್ಪು?” ಎಂದು ಅವನು ಕಾಡುತ್ತಿದ್ದ. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅವನ ಅಂಗಿಯಲ್ಲಿ ಔಷಧಿಯ ಘಾಟು. “ದೂರ ಕೂತ್ಕೋ” ಎನ್ನುವಳು, ತಾನೇ ಹತ್ತಿರ ಸರಿಯುವಳು.

ಒಂದು ಸಂಜೆ ಪಾರ್ಕಿನ ಬೆಂಚಿನ ಮೇಲೆ ಅವನು ತಡವರಿಸುತ್ತಾ ಹೇಳಿದ: “ನಗಬೇಡ. ನನ್ನ ತಮ್ಮ ತೀರ್ಕೊಂಡ್ಮೇಲೆ ನನಗೆ ನಿದ್ದೆ ಸರಿಯಾಗಿಲ್ಲ. ಮಾತ್ರೆ ತಗೋತೀನಿ. ಒಂದೊಂದ್ಸಲ ಟೇಬಲ್ ಮೇಲಿರೋರು ನನ್ನ ಹತ್ರ ಮಾತಾಡಿದ ಹಾಗಾಗುತ್ತೆ.”

“ಏನಂತಾರೆ?”

“ಬೇಗ ಮುಗಿಸು, ಮನೇಲಿ ಕಾಯ್ತಿದಾರೆ ಅಂತಾರೆ.”

ಅವಳು ನಗಲಿಲ್ಲ. ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ತನ್ನನ್ನು ಇಷ್ಟು ನಂಬುವ ಮನುಷ್ಯ ಸಿಕ್ಕಿದನಲ್ಲ ಎಂದುಕೊಂಡಳು.

ಆ ವರ್ಷವೇ ದೊಡ್ಡ ಮುಖಂಡರೊಬ್ಬರ ಅತಿಥಿಗೃಹದಲ್ಲಿ ಕೆಲಸಕ್ಕಿದ್ದ ಹುಡುಗಿ ಸತ್ತಳು. ನೇಣು ಹಾಕಿಕೊಂಡಳು ಎಂದರು ಮುಖಂಡರ ಮನೆಯವರು. ಕತ್ತು ಹಿಸುಕಿ ಕೊಂದಿದ್ದಾರೆ ಎಂದು ಅವನು ವರದಿಯಲ್ಲಿ ಬರೆದ. ಈ ಸಲ ‘ಇರಬಹುದು’ ಇರಲಿಲ್ಲ. ಕೊಲೆಯ ಆರೋಪದ ಮೇಲೆ ಮುಖಂಡರ ಮಗ ಜೈಲಿಗೆ ಹೋದ, ಪತ್ರಿಕೆಗಳು ಹಬ್ಬ ಮಾಡಿದವು, ಕೇಸು ಅವಳ ಕೈಗೆ ಬಂತು. ಅಷ್ಟರಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು. ಆ ಮುಖಂಡರೇ ಕಾನೂನು ಮಂತ್ರಿಯಾದರು. ಅವರ ಇಲಾಖೆ ನೇಮಿಸಿದ ತಜ್ಞರ ಸಮಿತಿ, ಅದು ಆತ್ಮಹತ್ಯೆಯೇ ಎಂದಿತು.

ಸರ್ಕಾರಿ ವಕೀಲರ ಮುಖ್ಯಸ್ಥರಾದ ಸಾಹೇಬರು ಅವಳನ್ನು ಕರೆಸಿದರು. ಸಂಭಾವಿತ ಮನುಷ್ಯ. ಎಂದೂ ದನಿ ಎತ್ತಿದವರಲ್ಲ.

“ಕೂತ್ಕೊಳಮ್ಮ. ಆ ಡಾಕ್ಟ್ರು ದುಡ್ಡು ತಿಂದು ಸುಳ್ಳು ವರದಿ ಕೊಟ್ಟ ಅಂತ ಕೇಸು ರೆಡಿ ಇದೆ. ಜೈಲು ಗ್ಯಾರಂಟಿ. ಪಾಪ, ತಲೆ ಸರಿಯಿರಲಿಲ್ಲ ಅಂತ ಕೋರ್ಟಲ್ಲಿ ತೋರಿಸಿಬಿಟ್ರೆ ವರ್ಗಾವಣೆಯಲ್ಲಿ ಮುಗಿಯುತ್ತೆ. ನೀನು ಅವನ ಹಿತೈಷಿ ಅಂತ ಕೇಳಿದೆ. ಅದಕ್ಕೇ ನಿನ್ನನ್ನೇ ಕರೆದೆ.”

ಸಾಹೇಬರು ಮುಂದಿದ್ದ ಫೈಲು ಮುಚ್ಚಿದರು.

“ಇನ್ನೊಂದು ವಿಷಯ. ನಾನು ರಿಟೈರ್ ಆಗ್ತಿದೀನಿ. ಈ ಕುರ್ಚಿಗೆ ಯಾರು ಅಂತ ಮಂತ್ರಿಗಳು ಕೇಳಿದ್ರು. ನಿನ್ನ ಹೆಸರು ಹೇಳಿದೀನಿ.”

ಅವನನ್ನು ಉಳಿಸಬೇಕು ಎಂದುಕೊಂಡೇ ಅವಳು ಮೆಟ್ಟಿಲಿಳಿದಳು. ಇಳಿಯುವಾಗ ಆ ಕುರ್ಚಿ ಕಿಟಕಿಯ ಪಕ್ಕಕ್ಕಿದ್ದರೆ ಚೆನ್ನ ಎಂದೂ ಅನಿಸಿತು. ಅವನಿಗೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಅವನು ಜೈಲನ್ನೇ ಆರಿಸಿಕೊಳ್ಳುತ್ತಿದ್ದ.

ಸಾಕ್ಷಿಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಕಟಕಟೆ ಹತ್ತುತ್ತಾ ಅವಳತ್ತ ತುಟಿಯಂಚಿನಲ್ಲೇ ನಕ್ಕ. ಅವಳು ಎದ್ದು ನಿಂತು, ಸರ್ಕಾರ ಈಗ ತಜ್ಞರ ಸಮಿತಿಯ ಮಾತನ್ನೇ ಒಪ್ಪಿರುವುದರಿಂದ ಈ ಸಾಕ್ಷಿ ಸರ್ಕಾರದ ವಾದಕ್ಕೆ ಪ್ರತಿಕೂಲವೆಂದೂ ಪಾಟೀಸವಾಲಿಗೆ ಅನುಮತಿ ಬೇಕೆಂದೂ ನ್ಯಾಯಾಧೀಶರನ್ನು ಕೇಳಿದಳು. ಅವನ ನಗು ಹೊರಡಲು ತಿಳಿಯದೆ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

“ನೀವು ನಿದ್ದೆಗೆ ಮಾತ್ರೆ ತೆಗೆದುಕೊಳ್ಳುತ್ತೀರಿ, ಅಲ್ಲವೇ?”

“ಹೌದು.”

“ಈ ಪರೀಕ್ಷೆ ಮಾಡಿದ ದಿನಗಳಲ್ಲೂ?”

“ಹೌದು.”

“ಶವಗಳು ನಿಮ್ಮ ಜೊತೆ ಮಾತಾಡುತ್ತವೆ ಎಂದು ಯಾರಿಗಾದರೂ ಹೇಳಿದ್ದೀರಾ?”

ಇಲ್ಲ ಎಂದಿದ್ದರೆ ಅವಳ ಕೈಯಲ್ಲಿ ಪುರಾವೆಯೇ ಇರಲಿಲ್ಲ. ಆದರೆ ಅವನು ಪ್ರಮಾಣ ಮಾಡಿದ್ದ.

“ಹೇಳಿದೀನಿ.”

“ಯಾರಿಗೆ ಹೇಳಿದಿರಿ?” ಎಂದು ಕೇಳಿದವರು ನ್ಯಾಯಾಧೀಶರು.

ಅವನು ಹೆಸರು ಹೇಳಿದರೆ ಅವಳ ನೌಕರಿ, ಮಾನ, ಎಲ್ಲವೂ ಅಲ್ಲೇ ಮುಗಿಯುತ್ತಿತ್ತು. ಅವನು ಅವಳನ್ನು ನೋಡಿದ. ಆಮೇಲೆ ಕಟಕಟೆಯ ಮರವನ್ನು ನೋಡಿದ.

“ಮದುವೆಯಾಗೋಣ ಅಂದ್ಕೊಂಡಿದ್ದ ಹುಡುಗಿಗೆ ಸ್ವಾಮಿ. ಅವಳ ಹೆಸರು ಬೇಡ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಇನ್ನೂ ಒಂದು ಗಂಟೆ ಪ್ರಶ್ನೆ ಕೇಳಿದಳು. ಚೆನ್ನಾಗಿಯೇ ಕೇಳಿದಳು.

ತೀರ್ಪು ಬಂದ ದಿನ ಮಂತ್ರಿಯ ಮಗನನ್ನು ಹೂವಿನ ಹಾರ ಹಾಕಿ ಕರೆದೊಯ್ದರು. ಅವಳಿಗೆ ಆಗಲೇ ಹೊಸ ಕುರ್ಚಿ ಬಂದಿತ್ತು. ಎಲ್ಲೋ ದೂರದ ಆಸ್ಪತ್ರೆಯ ಉಗ್ರಾಣಕ್ಕೆ ವರ್ಗವಾಗಿದ್ದ ಅವನು ತೀರ್ಪು ಕೇಳಲು ಬಂದು ಮೊಗಸಾಲೆಯ ಕಂಬದ ಪಕ್ಕ ನಿಂತಿದ್ದ. ಸೊರಗಿಹೋಗಿದ್ದ. ಅವಳು ಓಡಿದಂತೆ ಹೋದಳು.

“ನಿನ್ನನ್ನ ಜೈಲಿಗೆ ಹಾಕ್ತಿದ್ರು. ಬೇರೆ ದಾರಿ ಇರ್ಲಿಲ್ಲ.”

“ಕುರ್ಚಿ ಹೇಗಿದೆ?”

“ಮದುವೆಯಾಗೋಣ. ಈ ವಾರವೇ. ನಾನು ನಿನ್ನನ್ನ ಬಿಟ್ಟು ಇರಲಾರೆ” ಎಂದಳು. ಅದು ನಿಜವಾಗಿತ್ತು.

ಅವನು ಮೆಲ್ಲಗೆ ನಕ್ಕ. ಅದೇ ಹಳೆಯ, ಕಾಡುವ ನಗು. “ಸ್ವಲ್ಪ ಮೊದಲೇ ಕೇಳಬೇಕಿತ್ತು ಲಾಯರಮ್ಮ. ಗಂಡ ಹೆಂಡತಿಗೆ ಹೇಳಿದ್ದು ಕೋರ್ಟಿಗೆ ಬರೋ ಹಾಗಿಲ್ವಂತೆ. ಕಾನೂನು ನಿಮಗೇ ಚೆನ್ನಾಗಿ ಗೊತ್ತು.”

ಮತ್ತೆ ‘ನೀವು’. ಅವಳ ಕಣ್ಣು ತುಂಬಿತು.

ಆಗ ಸತ್ತ ಹುಡುಗಿಯ ತಾಯಿ ಅವರ ಕಡೆ ಬಂದಳು. ಕೋರ್ಟಿನ ಭಾಷೆ ಆಕೆಗೆ ತಿಳಿಯದು. ತನ್ನ ಕಡೆಯ ವಕೀಲೆ ಒಂದೇ ಸಮನೆ ಕೇಳಿದ್ದೂ ಡಾಕ್ಟರು ತಲೆ ತಗ್ಗಿಸಿದ್ದೂ ಮಾತ್ರ ಕಂಡಿತ್ತು; ಡಾಕ್ಟರಿಗೆ ತಲೆ ಸರಿಯಿಲ್ಲದ್ದಕ್ಕೇ ಕೇಸು ಬಿತ್ತು ಎಂದು ಯಾರೋ ಹೇಳಿದ್ದರು. ಬಂದವಳೇ ವಕೀಲೆಯ ಎರಡೂ ಕೈ ಹಿಡಿದುಕೊಂಡಳು.

“ನನ್ನ ಮಗಳಿಗೋಸ್ಕರ ಗಂಟಲು ಹರ್ಕೊಂಡ್ರಿ ತಾಯಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.” ಆಮೇಲೆ ಅವನತ್ತ ತಿರುಗಿದಳು. “ತಲೆ ಕೆಟ್ಟೋನು ನನ್ನ ಮಗಳ ಮೈ ಯಾಕೋ ಮುಟ್ಟಿದೆ? ನಿನ್ನಿಂದಾನೇ ಅವನು ಬಿಡುಗಡೆ ಆದ.”

ಅವನು ವಕೀಲೆಯ ಮುಖ ನೋಡಿದ. ಒಂದೇ ಒಂದು ವಾಕ್ಯ ಸಾಕಿತ್ತು. ಅವನು ಕಾದ. ಅವಳ ತುಟಿ ಅಲುಗಿತು, ಮಾತು ಹೊರಡಲಿಲ್ಲ.

“ತಪ್ಪಾಯ್ತಮ್ಮ” ಎಂದ ಅವನು. “ನಂದೇ ತಪ್ಪು. ಇವರದೇನೂ ಇಲ್ಲ.”

ಮತ್ತೆ ಅವಳತ್ತ ನೋಡದೆ ಮೆಟ್ಟಿಲಿಳಿದು ಹೋದ.

ಅವಳು ಅವನನ್ನು ಕೂಗಲಿಲ್ಲ. ತಾಯಿಯ ಕೈ ಒರಟಾಗಿತ್ತು, ಬಿಸಿಯಾಗಿತ್ತು, ಬಿಡುತ್ತಲೇ ಇರಲಿಲ್ಲ.

“ಊಟ ಮಾಡಿದ್ರಾ ಅಮ್ಮ?” ಎಂದು ಕೇಳಿದಳು.