ಬೇರಿಲ್ಲದ ಹಲ್ಲು

ಬಚ್ಚಲುಮನೆಯ ಕಲ್ಲುಚಪ್ಪಡಿಗಳ ಸಂದಿನಲ್ಲಿ ಸಿಕ್ಕಿದ್ದು ಒಂದು ಹಲ್ಲು. ಮಗುವಿನ ಹಾಲುಹಲ್ಲು. ಅದರ ಮೇಲೆ ರಕ್ತ!

ಹೊಳೆನರಸೀಪುರದ ತೆಂಗಿನಕಾಯಿ ವ್ಯಾಪಾರಿ ಚಂದ್ರಯ್ಯನ ಮಗಳು ರೇವಿ ಹಿಂದಿನ ದಿನದಿಂದ ಕಾಣೆಯಾಗಿದ್ದಳು. ಆರು ವರ್ಷದ ಹುಡುಗಿ. ಮಧ್ಯಾಹ್ನ ಶಾಲೆ ಬಿಟ್ಟಾಗ ಮೇಷ್ಟ್ರು ನೋಡಿದ್ದರು. ಆಮೇಲೆ ಯಾರೂ ನೋಡಿರಲಿಲ್ಲ. ಮಗು ಮನೆಗೆ ಬರಲೇ ಇಲ್ಲ ಎಂದು ಅವಳ ಮಲತಾಯಿ ನೀಲಾಂಬಿಕೆ ಹೇಳಿದ್ದಳು. ಬರದ ಮಗುವಿನ ಹಲ್ಲು ಮನೆಯ ಬಚ್ಚಲಿಗೆ ಬಂದದ್ದು ಹೇಗೆ?

ಅದು ಮೂವತ್ತೆಂಟನೆಯ ಇಸವಿಯ ಮುಂಗಾರು. ಹೇಮಾವತಿಗೆ ಕೆಂಪು ನೀರು ಬಂದಿತ್ತು. ಹರಿಗೋಲಿನವರು ಬೆಳಗಿನಿಂದ ಹೊಳೆಯಲ್ಲಿ ಗಳ ಇಳಿಬಿಟ್ಟು ಹುಡುಕುತ್ತಿದ್ದರು. ಚಂದ್ರಯ್ಯನ ಮನೆಯ ಮುಂದೆ ಜನ ಸೇರಿದ್ದರು. ಯಾರೋ ಒಬ್ಬ ಒಳಗೆ ಕಲ್ಲು ಎಸೆದಿದ್ದ.

ಸಬ್ ಇನ್‌ಸ್ಪೆಕ್ಟರ್ ನಂಜಪ್ಪ ಬೆವರು ಒರೆಸಿಕೊಂಡ. ಊರಿನ ಡಾಕ್ಟರ್ ಪಾಲಾಕ್ಷನನ್ನು ಅವನೇ ಕರೆಸಿದ್ದ.

"ಡಾಕ್ಟ್ರೇ, ಒಂದು ಮಾತು ಹೇಳ್ಬಿಡಿ. ಹೊಡೆತಕ್ಕೆ ಕಿತ್ತುಬಂದ ಹಲ್ಲು ತಾನೇ ಇದು? ಹೂಂ ಅಂದ್ರೆ ಈಯಮ್ಮನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ತೀನಿ. ಇಲ್ಲೇ ಬಿಟ್ರೆ ಈ ಜನ ಸುಮ್ನಿರಲ್ಲ."

ಪಾಲಾಕ್ಷ ತಟ್ಟೆಯಲ್ಲಿದ್ದ ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಇದು ಯಾರಿಗೆ ಸಿಕ್ತು?"

"ನಂಗೆ ಸಾ," ಎಂದಳು ಬಸವಲಿಂಗಮ್ಮ. ಚಂದ್ರಯ್ಯನ ವಿಧವೆ ಅಕ್ಕ, ಹಳ್ಳಿಮೈಸೂರಿನವಳು. ತಾಯಿ ಸತ್ತ ರೇವಿಯನ್ನು, ತಮ್ಮ ಎರಡನೆಯ ಮದುವೆಯಾಗುವವರೆಗೆ ಸಾಕಿದವಳು. ಸುದ್ದಿ ತಲುಪಿದ ಮೇಲೆ ನಿನ್ನೆ ಸಂಜೆ ಬಂದಿದ್ದಳು. "ಬೆಳಿಗ್ಗೆ ಮುಖ ತೊಳ್ಯೋಕೆ ಓದೆ. ನೋಡಿದ್ರೆ… ಅಯ್ಯೋ ಶಿವನೇ, ಈ ಮಾರಿ ನನ್ ಕಂದನ್ನ ಕೊಂದ್ಬುಟ್ಲಲ್ಲಪ್ಪಾ!"

"ನಿನ್ನೆ ಬೆಳಿಗ್ಗೆ ಮಗೀನ ಬಚ್ಚಲಿಗೆ ಎಳ್ಕೊಂಡು ಓಗಿದ್ದು ನಿಜ ಅಲ್ವೇನೇ?" ಚಂದ್ರಯ್ಯ ಹೆಂಡತಿಯ ಮೇಲೆ ಕೂಗಾಡಿದ. "ಬೀದಿಗೆಲ್ಲ ಕೇಳೋಂಗೆ ಕಿರುಚ್ತಿತ್ತು!"

ಮೂಲೆಯಲ್ಲಿ ಕುಳಿತಿದ್ದ ನೀಲಾಂಬಿಕೆಗೆ ಇಪ್ಪತ್ತು ತುಂಬಿರಲಿಲ್ಲ. "ತಲೆಗೆ ಎಣ್ಣೆ ಒತ್ತಿದ್ದೆ, ಸೀಗೆಪುಡಿ ಕಣ್ಣಿಗೆ ಬಿತ್ತು. ಅದ್ಕೇ ಅತ್ತಿದ್ದು. ಆಮೇಲೆ ನಗ್ತಾನೇ ಇಸ್ಕೂಲಿಗೆ ಓದ್ಲು…"

ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೂಗು!

"ಸಿಕ್ತು! ನೀರಲ್ಲಿ ಏನೋ ಸಿಕ್ತು!"

ಜನ ಅತ್ತ ನುಗ್ಗಿದರು. ಚಂದ್ರಯ್ಯ ಕಾಲಿಗೆ ಮೆಟ್ಟೂ ಇಲ್ಲದೆ ಓಡಿದ. ನೀಲಾಂಬಿಕೆ ಎದ್ದು ಎರಡು ಹೆಜ್ಜೆ ಇಟ್ಟವಳು ಹೊಸಿಲ ಮೇಲೆ ಕುಸಿದುಬಿದ್ದಳು. ಪಾಲಾಕ್ಷ ಅವಳ ನಾಡಿ ಹಿಡಿದು, ನೀರು ತರಲು ಹೇಳಿ ತಿರುಗಿದ. ಬಸವಲಿಂಗಮ್ಮ ಮಾತ್ರ ತಟ್ಟೆಯ ಪಕ್ಕದಲ್ಲೇ ಕುಳಿತು, ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಗಿಮಾಡಿಕೊಳ್ಳುತ್ತಿದ್ದಳು.

ಏದುಸಿರು ಬಿಡುತ್ತ ಪೇದೆ ಬೈರಯ್ಯ ಬಂದ. "ಮಗಾ ಅಲ್ಲ ಸಾ. ಸತ್ತೋಗಿರೋ ಕರ."

ನಂಜಪ್ಪನಿಗೆ ಉಸಿರು ಬಂದಂತಾಯಿತು. ಆದರೆ ಎಷ್ಟು ಹೊತ್ತು? ಮುಂದಿನ ಸಲ ಕರುವೇ ಆಗಿರಬೇಕೆಂದೇನಿದೆ?

ಪಾಲಾಕ್ಷ ನೀಲಾಂಬಿಕೆಯ ಎದುರು ಕುಳಿತ. ಅಷ್ಟರಲ್ಲಿ ಚಂದ್ರಯ್ಯನೂ ಮರಳಿ ಬಂದು ಗೋಡೆಗೆ ಒರಗಿದ್ದ.

"ತಾಯಿ, ಮಗೂಗೆ ಎಷ್ಟು ಹಲ್ಲು ಬಿದ್ದಿದ್ವು?"

"ಒಂದೇ ಸಾ. ಕೆಳಗಡೆ, ಮುಂದಿಂದು. ಯುಗಾದಿಗೆ ಅತ್ಗಮ್ಮನ ಊರಿಗೆ ಓಗಿದ್ಲು, ಬರೋವಾಗ ಬಾಯಿ ಬೋಡಾಗಿತ್ತು. ಈಗ ಅಲ್ಲಿ ಹೊಸದು ಇಣುಕ್ತಾ ಐತೆ."

"ಬೇರೆ ಯಾವುದಾದ್ರೂ ಅಲ್ಲಾಡ್ತಿತ್ತಾ?"

"ಇಲ್ಲ. ದಿನಾ ಹಲ್ಲು ಉಜ್ಜಿಸೋಳು ನಾನೇ. ಒಂದೂ ಅಲ್ಲಾಡ್ತಿರ್ಲಿಲ್ಲ."

ಪಾಲಾಕ್ಷ ಬಸವಲಿಂಗಮ್ಮನ ಕಡೆ ತಿರುಗಿದ. "ನಿಮ್ಮ ಮನೇಲಿ ಬಿದ್ದ ಆ ಹಲ್ಲು ಏನಾಯ್ತಮ್ಮಾ?"

"ಏನಾಯ್ತದೆ? ಸಗಣೀಲಿ ಮುಚ್ಚಿ ಸೂರಿನ ಮ್ಯಾಲೆ ಎಸೆದೆ. ಎಲ್ರೂ ಮಾಡೋ ಅಂಗೇಯ."

"ಎಸೆದ್ರಾ? ನಿಜವಾಗಿ?"

"ಹೂಂ ಮತ್ತೆ!" ಅವಳ ದನಿ ಏರಿತು. "ಮಗಾ ಸತ್ತೋಗದೆ, ಈ ಡಾಕ್ಟ್ರು ಸೂರಿನ ಮಾತಾಡ್ತಾರಲ್ಲಪ್ಪಾ!"

"ಮಗು ಸತ್ತಿಲ್ಲ," ಎಂದ ಪಾಲಾಕ್ಷ. "ಎಲ್ಲಿದೆ ಅಂತ ನಿಮಗೆ ಗೊತ್ತು."

ನಂಜಪ್ಪ ಬಾಗಿಲು ಮುಚ್ಚಿಸಿದ.

"ನಂಜಪ್ಪನೋರೇ, ಇದರ ತಳ ನೋಡಿ. ಬೇರು ಎಲ್ಲಿದೆ?"

"ಮುರಿದು ದವಡೇಲೇ ಉಳಿದಿರಬೋದು."

"ಮುರಿದಿದ್ರೆ ಅಂಚು ಚೂಪಾಗಿ ಸೀಳಿರ್ತಿತ್ತು. ಇದು ತಿಂದುಹಾಕಿದ ಹಾಗೆ ಟೊಳ್ಳಾಗಿದೆ. ಹಲ್ಲು ಹುಟ್ಟೋದು ಮೂಳೆ ಚಿಗುರಿ ಅಲ್ಲ. ಹಕ್ಕಿಯ ಪುಕ್ಕ, ಹಾವಿನ ಹುರುಪೆ ಹೇಗೋ ಹಾಗೆ, ಹೊರಪದರದಲ್ಲಿ ಒಂದು ಸಣ್ಣ ಮೊಗ್ಗಾಗಿ ಶುರುವಾಗುತ್ತೆ. ಹಾಲುಹಲ್ಲಿನ ಕೆಳಗೆ ದವಡೆಯೊಳಗೆ ಎರಡನೇ ಮೊಗ್ಗು ಕಾದಿರುತ್ತೆ. ಅದು ಬೆಳೆದು ಮೇಲೆ ಬರ್ತಾ ಹಳೇದರ ಬೇರು ಕರಗಿಹೋಗುತ್ತೆ. ಆಗ ಹಲ್ಲು ಅಲ್ಲಾಡಿ ತಾನಾಗೇ ಬೀಳುತ್ತೆ. ಕೋಳಿಯ ಹಳೇ ಪುಕ್ಕಾನೂ ಹೀಗೇ, ಹೊಸದು ತಳ್ಳಿದಾಗ ಉದುರೋದು. ಅಲ್ಲಾಡದ ಹಲ್ಲು ಏಟಿಗೆ ಕಿತ್ತುಬಂದಿದ್ರೆ ಉದ್ದನೆಯ ಬೇರು ಜೊತೆಗೇ ಬರ್ತಿತ್ತು."

"ಅಂದ್ರೆ ಇದು…"

"ತಾನಾಗೇ ಬಿದ್ದ ಹಲ್ಲು. ಕೆಳಸಾಲಿನ ಮುಂದಿನದು. ರೇವಿಗೆ ಹಾಗೆ ಬಿದ್ದಿದ್ದು ಒಂದೇ, ಯುಗಾದಿಯಲ್ಲಿ, ಹಳ್ಳಿಮೈಸೂರಲ್ಲಿ."

"ಇವ್ಳು ಹೇಳಿದ್ದೆಲ್ಲ ನಂಬ್ತೀರಾ?" ಎಂದ ಚಂದ್ರಯ್ಯ.

"ನಂಬಬೇಡಿ. ಹಲ್ಲನ್ನ ನಂಬಿ. ಹೊರಗೆಲ್ಲ ಹಸಿ ರಕ್ತ. ಒಳಗಿನ ಟೊಳ್ಳು ಒಣಗಿ ಹಳದಿಯಾಗಿದೆ. ಹಳೇ ಹಲ್ಲಿಗೆ ಇವತ್ತು ರಕ್ತ ಹಚ್ಚಿದ್ದಾರೆ. ಯಾರು? ಹೊಳೇಲಿ ಏನೋ ಸಿಕ್ತು ಅಂದಾಗ ಬೀದಿಯವರೇ ಓಡಿದ್ರು. ಮಗೂನ ಎತ್ತಿ ಆಡಿಸಿದವರು ಮಾತ್ರ ಕೂತಲ್ಲಿಂದ ಏಳಲಿಲ್ಲ. ನೀರಲ್ಲಿ ಇರೋದು ರೇವಿ ಅಲ್ಲ ಅಂತ ಅವರಿಗೊಬ್ಬರಿಗೇ ಗೊತ್ತಿತ್ತು. ಅಮ್ಮಾ, ಆ ಬೆರಳಿನ ಬಟ್ಟೆ ಬಿಚ್ತೀರಾ?"

ಬಸವಲಿಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಂಜಪ್ಪ ಒಂದು ಹೆಜ್ಜೆ ಮುಂದಿಟ್ಟ. ಅವಳು ನೆಲಕ್ಕೆ ತಲೆ ಹಚ್ಚಿ ಗೊಳೋ ಎಂದಳು.

"ಕೊಂದಿಲ್ಲ ಕಣಪ್ಪಾ! ನಮ್ಮೂರ ಲಕ್ಕಮ್ಮನ ತ್ವಾಟದ ಗುಡ್ಲಲ್ಲಿ ಚೆನ್ನಾಗವ್ಳೆ. ಇಸ್ಕೂಲ್ ಹಿಂದ್ಗಡೆ ಗಾಡೀಲಿ ಕಾದಿದ್ದು ಕರ್ಕೊಂಡೋದೆ. ಇವ್ಳು ಮನೆ ಬುಟ್ಟೋದ್ರೆ ಮಗಾ ತಿರ್ಗಾ ನಂದಾಯ್ತದೆ ಅಂತ… ಎಸೆಯೋಕೆ ಮನಸು ಬರ್ದೆ ಮಡಗಿದ್ದೆ ಆ ಹಲ್ಲ…"

"ಈಯಮ್ಮನ್ನ ನೇಣಿಗೆ ಹಾಕ್ತಾರೆ ಅನ್ನೋ ಯೋಚನೆ ಬರಲಿಲ್ವಾ?" ನಂಜಪ್ಪ ಗುಡುಗಿದ.



ಸಂಜೆಯೊಳಗೆ ಬೈರಯ್ಯ ರೇವಿಯನ್ನು ಕರೆತಂದ. ಅವಳು ಗಾಡಿಯಿಂದ ಇಳಿದವಳೇ "ಚಿಕ್ಕವ್ವಾ" ಎಂದು ಓಡಿ ನೀಲಾಂಬಿಕೆಯ ಮಡಿಲು ಹೊಕ್ಕಳು.

"ನಡಿ, ಒಳಗೆ ಓಗಾನ," ಎಂದ ಚಂದ್ರಯ್ಯ ತಗ್ಗಿದ ದನಿಯಲ್ಲಿ.

"ನಾನು ಅರಕಲಗೂಡಿಗೆ, ನಮ್ಮವ್ವನ ಮನೆಗೆ ಓಯ್ತೀನಿ. ಮಗೀನೂ ಕರ್ಕೊಂಡೋಯ್ತೀನಿ," ಎಂದಳು ನೀಲಾಂಬಿಕೆ. "ಪೊಲೀಸ್ನೋರಿಗೆ ಯೋಳೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಾಗಿತ್ತು."



ಕಡೆಯ ಬಸ್ಸಿನಲ್ಲಿ ಅವಳು ರೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಸ್ಸು ಹೊರಡುವಾಗ ಚಂದ್ರಯ್ಯ ಓಡಿಬಂದು ಹತ್ತಿಕೊಂಡ. ಅವಳ ಪಕ್ಕದ ಜಾಗ ಖಾಲಿಯಿತ್ತು. ಅರಕಲಗೂಡು ಬರುವವರೆಗೂ ಅವನು ನಿಂತೇ ಇದ್ದ.